ಓದುವವನ ಗುಟ್ಟು

ಮನುಷ್ಯನಿಗೆ ಎರಡು ಬಗೆಯ ಗುಟ್ಟುಗಳುಂಟು. ಒಂದು, ಅವನು ಯಾರೊಡನೆ ಏನು ಮಾತನಾಡಿದನೆಂಬುದು. ಇನ್ನೊಂದು, ಅವನು ಯಾರ ಮಾತಿಗೆ ಕಿವಿಗೊಟ್ಟನೆಂಬುದು. ಮೊದಲನೆಯದನ್ನು ಕಾಪಾಡಿಕೊಳ್ಳಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಎರಡನೆಯದು ಒಂದು ಗುಟ್ಟೆಂದೇ ಅನೇಕರಿಗೆ ತೋರಿರಲಿಲ್ಲ. ಅದನ್ನು ಕದಿಯುವ ಉಪಾಯ ಬಹುಕಾಲ ಯಾರ ಬಳಿಯಲ್ಲಿಯೂ ಇರಲಿಲ್ಲವಷ್ಟೆ. ರೇಡಿಯೋ ಇಟ್ಟುಕೊಂಡ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಸೆಟ್ಟಿಗೆ ಲೈಸೆನ್ಸು ಬೇಕಾಗಿದ್ದಿತು. ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕಾಗಿದ್ದಿತು. ಯಾರ ಮನೆಯಲ್ಲಿ ರೇಡಿಯೋ ಇದೆಯೆಂಬುದು ಇದರಿಂದ ಸರ್ಕಾರಕ್ಕೆ ತಿಳಿಯುತ್ತಿದ್ದಿತೇ ಹೊರತು, ಆ ಮನೆಯ ಯಜಮಾನರು ರಾತ್ರಿ ಶಾಸ್ತ್ರೀಯ ಸಂಗೀತ ಕೇಳಿದರೋ, ಮೆಲ್ಲಗೆ ಮುಳ್ಳು ತಿರುಗಿಸಿ ಸಿಲೋನಿನ ಸಿನಿಮಾ ಹಾಡು ಕೇಳಿದರೋ ಯಾವ ಪುಸ್ತಕದಲ್ಲಿಯೂ ದಾಖಲಾಗುತ್ತಿರಲಿಲ್ಲ.

ಕಂಪ್ಯೂಟರುಗಳ ಮೂಲಕ ಜನರು ಗುಂಪುಗೂಡಿ ಚರ್ಚಿಸತೊಡಗಿ ಈಗ ನಾಲ್ಕು ದಶಕಗಳಿಗೂ ಮಿಕ್ಕಿತು. ಈ ಅವಧಿಯಲ್ಲಿ ಮೇಲಿನ ಎರಡು ಗುಟ್ಟುಗಳೂ ಒಂದರ ಸ್ಥಾನಕ್ಕೆ ಇನ್ನೊಂದು ಬಂದುವೆಂಬುದೇ ಇಲ್ಲಿ ಹೇಳಬೇಕೆಂದಿರುವ ಸಂಗತಿ. ಹಳೆಯ ಚರ್ಚಾಕೂಟಗಳಲ್ಲಿ ಆಡಿದ ಮಾತು ಊರಿಗೆಲ್ಲ ತೆರೆದಿದ್ದಿತು. ಓದಿದುದು ಮಾತ್ರ ಓದಿದವನಿಗೇ ಗೊತ್ತು. ಇಂದಿನ ಸಾಮಾಜಿಕ ಜಾಲತಾಣಗಳಲ್ಲಿ ಮಾತು ತಮ್ಮ ಸ್ನೇಹಿತರಿಗಷ್ಟೇ ಎಂಬ ಭರವಸೆ ದೊರೆಯುತ್ತದೆ. ಓದಿದುದೆಲ್ಲ ಒಡೆಯನ ಲೆಕ್ಕಪುಸ್ತಕದಲ್ಲಿ ಜಮೆಯಾಗುತ್ತದೆ.

ಹಳೆಯ ಕೂಟಗಳ ಪೈಕಿ ದೊಡ್ಡದು ಯೂಸ್‌ನೆಟ್. ಅದರ ಹುಟ್ಟು 1979ರಲ್ಲಿ, ಅಮೆರಿಕದ ಉತ್ತರ ಕೆರೊಲಿನಾದಲ್ಲಿ. ಡ್ಯೂಕ್ ವಿಶ್ವವಿದ್ಯಾನಿಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಯೋಜನೆ ಹಾಕಿದರು. ಪಕ್ಕದ ಚಾಪೆಲ್ ಹಿಲ್‌ನ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಸ್ಟೀವ್ ಬೆಲ್ಲೊವಿನ್ ಅದಕ್ಕೆ ಮೊದಲ ಪ್ರೋಗ್ರಾಮನ್ನು ಬರೆದ. ಆಗ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಆರ್ಪಾನೆಟ್ ಎಂಬ ಜಾಲವೊಂದಿತ್ತು. ಆ ಇಲಾಖೆಯ ಕೃಪೆಯಿಲ್ಲದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈ ಹುಡುಗರದು ಬಡವರ ಜಾಲ. ಒಂದು ಕಂಪ್ಯೂಟರು ರಾತ್ರಿಯ ಹೊತ್ತು, ಟೆಲಿಫೋನಿನ ದರ ಇಳಿದ ಮೇಲೆ, ಇನ್ನೊಂದಕ್ಕೆ ಕರೆ ಮಾಡಿ ತನ್ನಲ್ಲಿದ್ದ ಹೊಸ ಪತ್ರಗಳನ್ನು ಒಪ್ಪಿಸಿ ಅಲ್ಲಿದ್ದವನ್ನು ತೆಗೆದುಕೊಳ್ಳುತ್ತಿದ್ದಿತು. ಎರಡನೆಯದು ಮೂರನೆಯದಕ್ಕೆ ಒಪ್ಪಿಸುತ್ತಿದ್ದಿತು. ಹಿಂದೆ ಅಂಚೆಯ ಓಟಗಾರರು ಚೀಲವನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಿದ್ದ ಹಾಗೆಯೇ ಇದು. ವ್ಯತ್ಯಾಸವೇನೆಂದರೆ ಇಲ್ಲಿ ಚೀಲದ ಒಂದೊಂದು ನಕಲು ಪ್ರತಿಯೊಂದು ಊರಿನಲ್ಲಿಯೂ ಉಳಿಯುತ್ತಿದ್ದಿತು. ಇಡೀ ಜಾಲಕ್ಕೆ ಮಾಲೀಕನೆಂಬವನಿರಲಿಲ್ಲ.

ಈ ಏರ್ಪಾಡಿನಲ್ಲಿ ಬರೆದವನಿಗೆ ಯಾವ ಮರೆಯೂ ಇರಲಿಲ್ಲ. ವಿಷಯಕ್ಕೊಂದರಂತೆ ಗುಂಪುಗಳಿದ್ದುವು, ಗುಂಪಿಗೆ ಬರೆದ ಪತ್ರ ಪೋಸ್ಟ್ ಕಾರ್ಡಿನಂತೆ ಬಯಲು. ಬರೆದವನ ವಿಳಾಸ ಅದರ ತಲೆಯ ಮೇಲೆಯೇ ಇರುತ್ತಿದ್ದಿತು. ಅವನು ಯಾವ ಕಾಲೇಜಿನವನು, ಯಾವ ಕಂಪನಿಯ ನೌಕರನೆಂಬುದನ್ನು ಆ ವಿಳಾಸದಿಂದಲೇ ತಿಳಿಯಬಹುದಾಗಿದ್ದಿತು. ವಿದೇಶದಲ್ಲಿದ್ದ ಭಾರತೀಯರಿಗೆ ‘ಸಾಕ್. ಕಲ್ಚರ್. ಇಂಡಿಯನ್’ ಎಂಬ ಗುಂಪೊಂದಿತ್ತು. ಮುಂದೆ ಅದರ ಕೊನೆಗೆ ‘ಕರ್ನಾಟಕ’ ಎಂದು ಸೇರಿಸಿಕೊಂಡ ಬೇರೆಯೇ ಒಂದು ಗುಂಪು ಹುಟ್ಟಿತು. ಕನ್ನಡ ಲಿಪಿಯನ್ನು ಮೂಡಿಸುವ ಅನುಕೂಲವಿರಲಿಲ್ಲ. ರೋಮನ್ ಅಕ್ಷರಗಳಲ್ಲಿಯೇ ಕನ್ನಡ ಬರೆದು ಅದನ್ನು ಓದುವ ಕಷ್ಟವನ್ನು ಅಲ್ಲಿಯವರು ಸಂತೋಷದಿಂದ ಪಡುತ್ತಿದ್ದರು.

ಆದರೆ ಓದುವವನ ಸ್ಥಿತಿಯೇ ಬೇರೆ. ಯಾವ ಗುಂಪುಗಳನ್ನು ಓದಬೇಕು, ಎಷ್ಟನೆಯ ಪತ್ರದವರೆಗೆ ಓದಿಯಾಯಿತು ಎಂಬ ವಿವರವೆಲ್ಲ ಒಂದು ಸಣ್ಣ ಕಡತದಲ್ಲಿರುತ್ತಿದ್ದಿತು; ಆ ಕಡತ ಓದುಗನ ಸ್ವಂತ ಖಾತೆಯಲ್ಲಿಯೇ ಇರುತ್ತಿದ್ದಿತು. 1984ರಲ್ಲಿ ಲ್ಯಾರಿ ವಾಲ್ ಎಂಬಾತ ಪತ್ರಗಳನ್ನು ಓದಲು ಒಂದು ಪ್ರೋಗ್ರಾಮು ಬರೆದ. ಅದರಲ್ಲಿ ‘ಕಿಲ್ ಫೈಲ್’ ಎಂಬ ಇನ್ನೊಂದು ಕಡತವನ್ನು ಇಟ್ಟುಕೊಳ್ಳಬಹುದಾಗಿದ್ದಿತು. ಬೇಡವಾದ ವಿಷಯವನ್ನೋ ತಲೆಹರಟೆ ಮನುಷ್ಯನ ಹೆಸರನ್ನೋ ಅದರಲ್ಲಿ ಬರೆದಿಟ್ಟರಾಯಿತು, ಅಂಥ ಪತ್ರ ಮತ್ತೆ ಕಣ್ಣಿಗೆ ಬೀಳುತ್ತಿರಲಿಲ್ಲ. ಯಾರ ಅಪ್ಪಣೆಯೂ ಬೇಡ, ಯಾರಿಗೂ ತಿಳಿಸಬೇಕಾಗಿಯೂ ಇಲ್ಲ. ಆ ಹರಟೆಗಾರ ತಾನು ಎಷ್ಟು ಜನರ ಕಡತದಲ್ಲಿ ಸೇರಿದ್ದೇನೆಂದು ತಿಳಿಯದೆ ಸುಖವಾಗಿ ಬರೆಯುತ್ತಲೇ ಇರುತ್ತಿದ್ದ. ಕೆಲವರಿಗೆ ಅಷ್ಟರಿಂದ ತೃಪ್ತಿಯಿಲ್ಲ. ‘ಪ್ಲಾಂಕ್’ ಎಂದು ಒಂದೇ ಮಾತಿನ ಉತ್ತರ ಬರೆದು ಬಿಡುತ್ತಿದ್ದರು. ಮನುಷ್ಯನೊಬ್ಬ ಆ ಕಡತದ ತಳಕ್ಕೆ ಬಿದ್ದಾಗ ಆಗುವ ಸದ್ದಂತೆ ಅದು! ಬಾವಿಗೆ ಕೊಡ ಬಿದ್ದ ಸದ್ದನ್ನು ಕೇಳಿದವರು ಈ ಶಬ್ದದ ಔಚಿತ್ಯವನ್ನು ಒಪ್ಪಿಯಾರು.

ಓದುಗರ ಅಭಿರುಚಿಯನ್ನು ತಿಳಿಯುವ ಕುತೂಹಲ ಅಂದು ಯಾರಿಗೂ ಇರಲಿಲ್ಲವೆಂದಲ್ಲ. ಅಮೆರಿಕದಲ್ಲಿ ರೇಡಿಯೋ ಶ್ರೋತೃಗಳ ಗಣತಿ ಮಾಡುವ ಆರ್ಬಿಟ್ರಾನ್ ಎಂಬ ಸಂಸ್ಥೆಯಿದ್ದಿತು. 1980ರ ದಶಕದ ನಡುವಿನಲ್ಲಿ ಬ್ರಯನ್ ರೀಡ್ ಎಂಬ ವಿಜ್ಞಾನಿ ಅದೇ ಹೆಸರಿನ ಒಂದು ಪ್ರೋಗ್ರಾಮನ್ನು ಬರೆದು ಹಂಚಿದ. ಇಷ್ಟಪಟ್ಟ ಮೇಲ್ವಿಚಾರಕರು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿದರೆ ಅದು ಓದುಗರ ಕಡತಗಳನ್ನು ನೋಡಿ, ಯಾವ ಗುಂಪಿಗೆ ಎಷ್ಟು ಓದುಗರೆಂದು ಎಣಿಸಿ, ಬರಿಯ ಸಂಖ್ಯೆಗಳನ್ನು ಕಳಿಸುತ್ತಿದ್ದಿತು. ಒಟ್ಟು ಲೆಕ್ಕ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತಿದ್ದಿತು. ಮೇಲ್ವಿಚಾರಕ ಮನಸ್ಸು ಮಾಡಿದ್ದರೆ ಒಬ್ಬೊಬ್ಬರ ಕಡತವನ್ನೂ ಇಣುಕಿ ನೋಡಬಹುದಾಗಿದ್ದಿತೆಂಬುದು ನಿಜ. ಆದರೆ ಆ ಅಭಿರುಚಿಯನ್ನು ಮಾರಿ ಬದುಕುವ ಉದ್ಯೋಗ ಅವನದಾಗಿರಲಿಲ್ಲ.

ಹಾಗೆಂದು ಹಳೆಯ ಕಾಲವನ್ನು ರಾಮರಾಜ್ಯವೆನ್ನಲಾಗದು. ಹೆಸರು ಹೊರಗೆಡವದೆ ಹೇಳಬೇಕಾದ ಮಾತುಗಳು ಮನುಷ್ಯನಿಗಿರುತ್ತವೆ: ಕಾಯಿಲೆ, ಸಂಸಾರದ ಕಷ್ಟ, ಮೇಲಧಿಕಾರಿಯ ಅನ್ಯಾಯ. ಇದಕ್ಕಾಗಿ ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ 1993ರಲ್ಲಿ ಒಂದು ಏರ್ಪಾಡು ಮಾಡಿದ. ಅವನ ಕಂಪ್ಯೂಟರಿಗೆ ಪತ್ರ ಕಳಿಸಿದರೆ, ಕಳಿಸಿದವರ ವಿಳಾಸ ತೆಗೆದು ಒಂದು ಅಂಕಿಯನ್ನು ಹಾಕಿ ಅದು ಗುಂಪಿಗೆ ದಾಟಿಸುತ್ತಿದ್ದಿತು. ಲಕ್ಷಗಟ್ಟಲೆ ಜನ ಇದನ್ನು ನಂಬಿದರು. ಆದರೆ ಯಾವ ಅಂಕಿ ಯಾರದೆಂಬ ಪಟ್ಟಿ ಎಲ್ಲಿಯೋ ಒಂದು ಕಡೆ ಇರಲೇಬೇಕಲ್ಲ! 1995ರಲ್ಲಿ ಸೈಂಟಾಲಜಿ ಪಂಥದವರ ದೂರಿನ ಮೇಲೆ ಪೋಲೀಸರು ಬಂದರು. ಹೆಲ್ಸಿಂಗಿಯಸ್ ಒಂದು ಹೆಸರನ್ನು ಕೊಡಬೇಕಾಯಿತು. ಮರುವರ್ಷ ಇಂಥ ಪತ್ರಗಳಿಗೆ ಕಾನೂನಿನ ರಕ್ಷಣೆಯಿಲ್ಲವೆಂದು ಅಲ್ಲಿಯ ನ್ಯಾಯಾಲಯ ತೀರ್ಪಿತ್ತಾಗ, 1996ರ ಆಗಸ್ಟಿನಲ್ಲಿ ಅವನು ಆ ಅಂಗಡಿಯನ್ನೇ ಮುಚ್ಚಿದ.

ಅದಕ್ಕಿಂತ ದೊಡ್ಡ ಪೆಟ್ಟು ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. ಆಗಿನ ಕಂಪ್ಯೂಟರುಗಳಲ್ಲಿ ಸ್ಥಳ ಕಡಮೆ. ಕೆಲವು ದಿನ ಅಥವಾ ವಾರಗಳಾದ ಮೇಲೆ ಪತ್ರಗಳು ಅಳಿದುಹೋಗುತ್ತಿದ್ದುವು. ಬರೆಯುವವರು ಇದನ್ನು ಪ್ರಕೃತಿನಿಯಮವೆಂದು ಭಾವಿಸಿ, ಜಗಲಿಯ ಮೇಲೆ ಮಾತನಾಡಿದಂತೆ ಬರೆಯುತ್ತಿದ್ದರು. ಆದರೆ ಕೆನಡದ ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ಹೆನ್ರಿ ಸ್ಪೆನ್ಸರ್ 1981ರಿಂದ ಹತ್ತು ವರ್ಷಗಳ ಪತ್ರಗಳನ್ನು 141 ಟೇಪುಗಳಲ್ಲಿ ಸುಮ್ಮನೆ ತುಂಬಿಸಿಟ್ಟಿದ್ದ. 1995ರಲ್ಲಿ ಡೇಜಾ ನ್ಯೂಸ್ ಎಂಬ ಕಂಪನಿ, ಹೆಸರು ಕೊಟ್ಟರೆ ಸಾಕು ಆ ಹೆಸರಿನವನ ಪತ್ರಗಳನ್ನೆಲ್ಲ ಹುಡುಕಿ ಕೊಡುವ ವ್ಯವಸ್ಥೆ ಮಾಡಿತು. 2001ರಲ್ಲಿ ಗೂಗಲ್ ಅದನ್ನು ಕೊಂಡು, ಟೊರಾಂಟೊದ ಟೇಪುಗಳನ್ನೂ ಕೂಡಿಸಿಕೊಂಡು, ಸುಮಾರು 70 ಕೋಟಿ ಪತ್ರಗಳ ಭಂಡಾರವನ್ನು ತೆರೆದಿಟ್ಟಿತು. ಪತ್ರದ ತಲೆಯಲ್ಲಿ ‘ಸಂಗ್ರಹಿಸಬೇಡಿ’ ಎಂಬರ್ಥದ ಒಂದು ಸಾಲು ಬರೆದರೆ ಅದನ್ನು ಬಿಟ್ಟುಬಿಡುವ ಪದ್ಧತಿಯೇನೋ ಬಂದಿತ್ತು. ಹತ್ತು ವರ್ಷ ಹಿಂದೆ ಬರೆದವನಿಗೆ ಅದರಿಂದ ಏನು ಪ್ರಯೋಜನ? ಹೊಸದಾಗಿ ಯಾವ ರಹಸ್ಯವೂ ಬಯಲಾಗಲಿಲ್ಲ. ಎಲ್ಲವೂ ಮೊದಲೇ ಬಯಲಿನಲ್ಲಿದ್ದಿತು. ಬಯಲಿನಲ್ಲಿ ಚೆದರಿದ್ದುದನ್ನು ಆಯ್ದು ಒಂದೆಡೆ ಗುಡ್ಡೆ ಹಾಕಿದರು, ಅಷ್ಟೆ. ಆ ‘ಅಷ್ಟೆ’ಯಲ್ಲಿಯೇ ಎಲ್ಲವೂ ಇದೆ.

ಇದೇ ಪಾಠ ಫೇಸ್‌ಬುಕ್ಕಿನಲ್ಲಿ ಮತ್ತೊಮ್ಮೆ ನಡೆಯಿತು. 2004ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಿಗೆಂದು ಆರಂಭವಾದ ಈ ತಾಣದ ಆಕರ್ಷಣೆಯೇ ಮರೆಯಲ್ಲಿದ್ದಿತು: ತಮ್ಮ ಪುಟವನ್ನು ತಮ್ಮ ಕಾಲೇಜಿನವರು, ಸ್ನೇಹಿತರು ಮಾತ್ರ ನೋಡಬಹುದು. ಒಬ್ಬರ ಸಮಾಚಾರ ಬೇಕಾದರೆ ಅವರ ಪುಟಕ್ಕೆ ಹೋಗಿ ನೋಡಬೇಕು. 2006ರ ಸೆಪ್ಟೆಂಬರಿನಲ್ಲಿ ಕಂಪನಿ ಎಲ್ಲ ಸ್ನೇಹಿತರ ಚಲನವಲನಗಳನ್ನೂ ಒಟ್ಟುಮಾಡಿ ಪ್ರತಿಯೊಬ್ಬರ ಮುಂದೆ ತಾನಾಗಿಯೇ ತಂದಿಡತೊಡಗಿತು. ಲಕ್ಷಾಂತರ ವಿದ್ಯಾರ್ಥಿಗಳು ಸಿಡಿದೆದ್ದರು. ಮೊದಲೂ ನೋಡಬಹುದಾಗಿದ್ದುದನ್ನೇ ತೋರಿಸುತ್ತಿದ್ದೇವೆಂಬುದು ಕಂಪನಿಯ ಸಮಾಧಾನ. ಹಿತ್ತಲಿನಲ್ಲಿ ಒಣಹಾಕಿದ ಸೀರೆ ಹಾದಿಹೋಕರ ಕಣ್ಣಿಗೆ ಬೀಳುವುದು ಬೇರೆ, ಯಾರ ಹಿತ್ತಲಿನಲ್ಲಿ ಯಾವ ಸೀರೆಯಿದೆಯೆಂದು ಡಂಗುರ ಹೊಡೆಸುವುದು ಬೇರೆ ಎಂಬುದು ಆ ಎಂಜಿನಿಯರುಗಳಿಗೆ ಹೊಳೆದಿರಲಿಲ್ಲವೆಂದು ತೋರುತ್ತದೆ. ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಕ್ಷಮೆ ಕೇಳಿ ಕೆಲವು ಹತೋಟಿಗಳನ್ನು ಒದಗಿಸಿದ. ಡಂಗುರ ಮಾತ್ರ ನಿಲ್ಲಲಿಲ್ಲ.

ಮರುವರ್ಷ ಬೀಕನ್ ಎಂಬ ಏರ್ಪಾಡು ಬಂದಿತು. ಬೇರೆ ಅಂಗಡಿಗಳ ತಾಣಗಳಲ್ಲಿ ಕೊಂಡ ಸಾಮಾನಿನ ವಿವರವನ್ನೂ ಅದು ಸ್ನೇಹಿತರಿಗೆ ತಿಳಿಸುತ್ತಿದ್ದಿತು. ಗೃಹಸ್ಥನೊಬ್ಬ ಕ್ರಿಸ್ಮಸ್ ಉಡುಗೊರೆಯೆಂದು ಹೆಂಡತಿಗೆ ಗುಟ್ಟಾಗಿ ವಜ್ರದುಂಗುರ ಕೊಂಡ; ಸುದ್ದಿ ಅವನ ಸ್ನೇಹಿತರಿಗೆಲ್ಲ ಹೋಯಿತು, ಆ ಸ್ನೇಹಿತರ ಪಟ್ಟಿಯಲ್ಲಿ ಹೆಂಡತಿಯೂ ಇದ್ದಳು. ಮೊಕದ್ದಮೆ ನಡೆದು 2009ರಲ್ಲಿ ಬೀಕನ್ ನಿಂತಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಕಂಪನಿ ಖಾಸಗಿತನದ ನಿಯಮಗಳನ್ನು ಬದಲಾಯಿಸಿ, ಅದುವರೆಗೆ ಮರೆಯಲ್ಲಿಡಬಹುದಾಗಿದ್ದ ಸ್ನೇಹಿತರ ಪಟ್ಟಿ ಮೊದಲಾದುವನ್ನು ಸಾರ್ವಜನಿಕಗೊಳಿಸಿತು. ಜನರಿಗೆ ಕೊಟ್ಟ ಮಾತಿಗೆ ಕಂಪನಿ ತಪ್ಪಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ಆರೋಪ ಹೊರಿಸಿತು.

ಆಯ್ಕೆಗಳು ಕಡಮೆಯಿದ್ದುವೆ? ಇಲ್ಲ. 2010ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಎಣಿಸಿ ನೋಡಿದಾಗ ಖಾಸಗಿತನಕ್ಕೆ 50ಕ್ಕೂ ಹೆಚ್ಚು ಗುಂಡಿಗಳೂ ಅವುಗಳಲ್ಲಿ 170ಕ್ಕೂ ಹೆಚ್ಚು ಆಯ್ಕೆಗಳೂ ಇದ್ದುವು. ನಿಯಮಾವಳಿಯ ಉದ್ದ 5,830 ಶಬ್ದ. ತಿದ್ದುಪಡಿಗಳನ್ನು ಬಿಟ್ಟರೆ ಅಮೆರಿಕದ ಸಂವಿಧಾನಕ್ಕಿಂತಲೂ ದೊಡ್ಡದು. ಹಳೆಯ ಓದುಗನ ಕಡತದಲ್ಲಿ ನಾಲ್ಕು ಸಾಲುಗಳಿರುತ್ತಿದ್ದುವು, ಅವನ್ನು ಅವನಲ್ಲದೆ ಯಾರೂ ತಿದ್ದುತ್ತಿರಲಿಲ್ಲ. ಇಲ್ಲಿ 170 ಬೀಗಗಳುಂಟು. ಬೀಗದ ಕೈಗೊಂಚಲು ಮನೆಯ ಮಾಲೀಕನ ಸೊಂಟದಲ್ಲಿದೆ, ಬಾಡಿಗೆದಾರನಿಗೆ ಹೇಳದೆ ಅವನು ಬೀಗ ಬದಲಾಯಿಸಬಲ್ಲ.

ಇಷ್ಟಾದರೂ ಇವೆಲ್ಲ ಮಾತಿನ ಗುಟ್ಟಿಗೆ ಸೇರಿದುವು. ಓದಿನ ಗುಟ್ಟಿನ ಗತಿ ಇನ್ನೂ ಆಳವಾದುದು. ಮೆಚ್ಚಿದುದಕ್ಕೆ ‘ಲೈಕ್’ ಒತ್ತುವ ಪದ್ಧತಿ ಫೇಸ್‌ಬುಕ್ಕಿಗೆ 2009ರಲ್ಲಿ ಬಂದಿತು. ಬೆರಳಿನಿಂದ ಒಂದು ಸಾರಿ ಒತ್ತುವುದು ಮಾತೂ ಅಲ್ಲ, ಮೌನವೂ ಅಲ್ಲ, ತಲೆದೂಗಿದಂತೆ. 2013ರಲ್ಲಿ ಕೊಸಿನ್‌ಸ್ಕಿ, ಸ್ಟಿಲ್‌ವೆಲ್, ಗ್ರೇಪೆಲ್ ಎಂಬ ಮೂವರು ಸಂಶೋಧಕರು, ತಾವಾಗಿಯೇ ಒಪ್ಪಿ ಬಂದ 58,000ಕ್ಕೂ ಹೆಚ್ಚು ಜನರ ಈ ತಲೆದೂಗುಗಳನ್ನು ಪರಿಶೀಲಿಸಿದರು. ಬರಿಯ ಅವುಗಳಿಂದಲೇ ಒಬ್ಬನ ಧರ್ಮ, ರಾಜಕೀಯ ಒಲವು, ಧೂಮಪಾನದ ಅಭ್ಯಾಸ ಮುಂತಾದುವನ್ನು ತಕ್ಕಮಟ್ಟಿಗೆ ಊಹಿಸಬಹುದೆಂದು ಕಂಡುಬಂದಿತು. ಸುರುಳಿಯಾಗಿ ಕರಿದ ಆಲೂಗೆಡ್ಡೆಯನ್ನು ಮೆಚ್ಚಿದವರು ಬುದ್ಧಿಶಾಲಿಗಳೆಂದು ಒಂದು ಲೆಕ್ಕ ಸೂಚಿಸಿತು! ನಗಬಹುದು. ಆದರೆ ಯಾರೂ ತಮ್ಮ ಧರ್ಮವನ್ನಾಗಲಿ ಪಕ್ಷವನ್ನಾಗಲಿ ಹೇಳಬೇಕಾಗಿರಲಿಲ್ಲವೆಂಬುದು ನಗುವ ವಿಷಯವಲ್ಲ.

2018ರ ಮಾರ್ಚಿನಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣ ಹೊರಬಿದ್ದಾಗ ಇದರ ಬಳಕೆ ಎಲ್ಲಿಗೆ ಹೋಗಬಹುದೆಂದು ಜಗತ್ತಿಗೆ ತಿಳಿಯಿತು. ಸ್ವಭಾವ ಪರೀಕ್ಷೆಯ ಒಂದು ಪ್ರಶ್ನಾವಳಿಯನ್ನು ತುಂಬಿದವರಿಂದ ಮಾತ್ರವಲ್ಲದೆ ಅವರ ಸ್ನೇಹಿತರ ಪುಟಗಳಿಂದಲೂ ವಿವರಗಳನ್ನು ಎತ್ತಿ, ಚುನಾವಣಾ ಪ್ರಚಾರದ ಕಂಪನಿಯೊಂದಕ್ಕೆ ಒಪ್ಪಿಸಲಾಗಿದ್ದಿತು. ಲೋಕದಲ್ಲಿ 8.7 ಕೋಟಿಯವರೆಗೆ ಜನರ ವಿವರ ಹೋಗಿರಬಹುದೆಂದು ಫೇಸ್‌ಬುಕ್ ತಿಳಿಸಿತು. ಭಾರತದಲ್ಲಿ ಆ ಪ್ರಶ್ನಾವಳಿಯನ್ನು ತೆಗೆದುಕೊಂಡಿದ್ದವರು ಕೇವಲ 335 ಜನ. ವಿವರ ಹೋಗಿರಬಹುದಾದವರು 5,62,455. ಉಳಿದವರು ಆ ಪರೀಕ್ಷೆಯ ಹೆಸರನ್ನೇ ಕೇಳಿರಲಿಲ್ಲ. ಸ್ನೇಹಿತನೊಬ್ಬನಿದ್ದುದೇ ಅವರ ಅಪರಾಧ. ಮರುವರ್ಷ ಟ್ರೇಡ್ ಕಮಿಷನ್ ಕಂಪನಿಗೆ 500 ಕೋಟಿ ಡಾಲರ್ ದಂಡ ವಿಧಿಸಿತು.

ನಮ್ಮ ದೇಶದಲ್ಲಿ ಖಾಸಗಿತನ ಒಂದು ಮೂಲಭೂತ ಹಕ್ಕೇ ಎಂಬ ಪ್ರಶ್ನೆ ತೀರ್ಮಾನವಾದದ್ದು ಕನ್ನಡನಾಡಿನವರೊಬ್ಬರ ಹೆಸರಿನಲ್ಲಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತರ ವಯಸ್ಸು ದಾಟಿದ ಮೇಲೆ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, 1954 ಮತ್ತು 1962ರ ಹಳೆಯ ತೀರ್ಪುಗಳ ವಿರುದ್ಧ ಅಭಿಪ್ರಾಯವನ್ನು ಬದಿಗೊತ್ತಿ, ಆ ಹಕ್ಕು ಉಂಟೆಂದು ಒಮ್ಮತದಿಂದ ಹೇಳಿತು. ವೈಯಕ್ತಿಕ ವಿವರಗಳ ರಕ್ಷಣೆಯ ಅಧಿನಿಯಮವನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಅದೇ ವರ್ಷ ಯೂರೋಪಿನಲ್ಲಿ ದೊಡ್ಡ ಜಾಲತಾಣಗಳಿಗೆ ಒಂದು ನಿರ್ಬಂಧ ಬಂದಿತು: ಓದುಗನ ಅಭಿರುಚಿಯನ್ನು ಅಳೆಯದೆ ಸುದ್ದಿ ಜೋಡಿಸಿ ಕೊಡುವ ಆಯ್ಕೆಯೊಂದನ್ನಾದರೂ ಅವು ಇಟ್ಟಿರಬೇಕು. ನಲವತ್ತು ವರ್ಷಗಳ ಹಿಂದೆ ಕೇಳದೆಯೇ ಇದ್ದುದನ್ನು ಈಗ ಕಾನೂನು ಮಾಡಿ ಕೇಳಬೇಕಾಯಿತು.

ಯೂಸ್‌ನೆಟ್ ಪೂರ್ತಿಯಾಗಿ ಸತ್ತಿಲ್ಲ. ಅಲ್ಲಲ್ಲಿ ಕೆಲವು ಕಂಪ್ಯೂಟರುಗಳಲ್ಲಿ ಅದು ನಡೆಯುತ್ತಿದೆ. ಗೂಗಲ್ ಮಾತ್ರ 2024ರ ಫೆಬ್ರವರಿ 22ರಿಂದ ಅದರ ಹೊಸ ಪತ್ರಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿ ಹಳೆಯವನ್ನು ಹಾಗೆಯೇ ಉಳಿಸಿತು. ಮಧ್ಯರಾತ್ರಿಯ ಕೋಪದಲ್ಲಿ ವಿದ್ಯಾರ್ಥಿಗಳು ಬರೆದ ಪತ್ರಗಳು, ಅವರಿಗೇ ಮರೆತುಹೋದವು ಕೂಡ, ಆ ರಾಶಿಯಲ್ಲಿವೆ. ಆ ರಾತ್ರಿ ಅವನ್ನು ಯಾರು ಯಾರು ಓದಿದರು, ಯಾರು ಒಳಗೊಳಗೆ ನಕ್ಕರು, ಯಾರು ಮೊದಲ ಸಾಲಿಗೇ ಬೇಸತ್ತು ಮುಂದಕ್ಕೆ ಹೋದರು ಎಂಬುದನ್ನು ಹುಡುಕಿದರೆ ಅಲ್ಲಿ ಸಿಗುವುದಿಲ್ಲ.