ದಾನಕ್ಕಾಗಿ ಲಕ್ಕಿ ಡ್ರಾ: ದೌಂಡದ ನೆಲೆಯಿಂದ ಒಂದು ಟಿಪ್ಪಣಿ

ಸಮುದಾಯದ ಕೂಟಗಳಲ್ಲಿ ಲಕ್ಕಿ ಡ್ರಾ ಕೂಪನ್ ಮಾರುವವರು ಕೊಡುವ ಸಮರ್ಥನೆ ಸಾಮಾನ್ಯವಾಗಿ ಒಂದೇ: ಹಣ ಯಾರ ಜೇಬಿಗೂ ಹೋಗುವುದಿಲ್ಲ, ಮದರಸಾದ ಕಟ್ಟಡಕ್ಕೋ ಬಡ ಹೆಣ್ಣುಮಕ್ಕಳ ಮದುವೆಗೋ ಹೋಗುತ್ತದೆ. ಇದು ಹೊಸ ವಾದವಲ್ಲ. ಜೂಜಿನಿಂದ ಬಡವರಿಗೆ ಲಾಭವಾಗುತ್ತಿದ್ದ ಸಮಾಜದಲ್ಲೇ, ಆ ಲಾಭವನ್ನು ಒಪ್ಪಿಕೊಂಡೇ, ಕುರ್‌ಆನ್ ಅದನ್ನು ನಿಷೇಧಿಸಿತು.

ಪುಣೆ ಜಿಲ್ಲೆಯ ದೌಂಡದಲ್ಲಿ ಈ ಪ್ರಶ್ನೆಗೆ ಇನ್ನೊಂದು ತೊಡಕಿದೆ. ಮನಮಾಡದಿಂದ ಬರುವ ಹಳಿ ಸೊಲ್ಲಾಪುರದ ಹಳಿಯನ್ನು ಕೂಡುವ ಜಂಕ್ಷನ್ ಇದು. ಕರ್ನಾಟಕ ಎಕ್ಸ್‌ಪ್ರೆಸ್ಸೂ ಉದ್ಯಾನ್ ಎಕ್ಸ್‌ಪ್ರೆಸ್ಸೂ ದೌಂಡದ ಮೇಲಿಂದಲೇ ಕರ್ನಾಟಕದ ಕಲಬುರಗಿ ತಲುಪುತ್ತವೆ. ಆದರೆ ಲಾಟರಿಯ ವಿಷಯದಲ್ಲಿ ಎರಡು ರಾಜ್ಯಗಳ ದಾರಿ ಬೇರೆ. ಮಹಾರಾಷ್ಟ್ರ ಸರಕಾರ 1969ರಲ್ಲಿ ತನ್ನದೇ ಲಾಟರಿ ಆರಂಭಿಸಿತು. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಹೀಗಾಗಿ ಕಲಬುರಗಿ ಕಡೆಯಿಂದ ಬಂದು ದೌಂಡದಲ್ಲಿ ನೆಲೆಸಿದ ಮುಸ್ಲಿಂ ಕುಟುಂಬಕ್ಕೆ, ತವರಿನಲ್ಲಿ ಅಪರಾಧವಾದ ವ್ಯಾಪಾರ ಇಲ್ಲಿ ಸರಕಾರಿ ಸರಕು. ಕಾನೂನು ಗಡಿಗೆ ತಕ್ಕಂತೆ ಬದಲಾದೀತು, ಹರಾಮು–ಹಲಾಲು ಬದಲಾಗದು.

ಕುರ್‌ಆನ್ ಹೆಸರಿಸಿದ ಜೂಜು ‘ಮೈಸಿರ್’. 12ನೇ ಶತಮಾನದ ವ್ಯಾಖ್ಯಾನಕಾರ ಝಮಖ್ಶರೀ ತನ್ನ ‘ಅಲ್ ಕಶ್ಶಾಫ್’ನಲ್ಲಿ ಅದರ ವಿವರ ಕೊಡುತ್ತಾನೆ. ಒಂದು ಒಂಟೆಯನ್ನು ಕೊಯ್ದು ಪಾಲು ಹಾಕುತ್ತಿದ್ದರು; ಹತ್ತು ಪಾಲು ಎಂದು ಕೆಲವರು, 28 ಎಂದು ಕೆಲವರು. ಚೀಲದಲ್ಲಿ ಹತ್ತು ಬಾಣಗಳು. ಏಳಕ್ಕೆ ಕ್ರಮವಾಗಿ ಒಂದರಿಂದ ಏಳು ಪಾಲು, ಮೂರು ಖಾಲಿ. ನಂಬಿಕಸ್ಥನೊಬ್ಬ ಚೀಲಕ್ಕೆ ಕೈ ಹಾಕಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಾಣ ತೆಗೆಯುತ್ತಿದ್ದ. ಖಾಲಿ ಬಾಣ ಬಂದವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಆ ಮಾಂಸ ತಿನ್ನುತ್ತಿರಲಿಲ್ಲ, ಬಡವರಿಗೆ ಹಂಚಿ ಹೆಮ್ಮೆಪಡುತ್ತಿದ್ದರು. ಆಟಕ್ಕೆ ಬಾರದವನನ್ನು ಜಿಪುಣನೆಂದು ಹಂಗಿಸುತ್ತಿದ್ದರು. ಈ ಕೊನೆಯ ವಿವರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕೂಪನ್ ಕೊಳ್ಳದವನನ್ನು ಸಭೆಯಲ್ಲಿ ಓರೆಗಣ್ಣಿನಿಂದ ನೋಡುವ ರೂಢಿ ಇಂದಿಗೂ ಹೋಗಿಲ್ಲ.

ಅಲ್ ಬಕರಾ ಅಧ್ಯಾಯದ 219ನೇ ವಚನ ಮದ್ಯದಲ್ಲೂ ಮೈಸಿರ್‌ನಲ್ಲೂ ಜನರಿಗೆ ಕೆಲವು ಲಾಭಗಳಿವೆ, ಆದರೆ ಪಾಪ ಲಾಭಕ್ಕಿಂತ ದೊಡ್ಡದು ಎನ್ನುತ್ತದೆ. ಅಲ್ ಮಾಇದಾ ಅಧ್ಯಾಯದ 90 ಮತ್ತು 91ನೇ ವಚನಗಳು ಪೂರ್ಣ ನಿಷೇಧ ಹೇರುತ್ತವೆ. ಹಗೆತನ ಹುಟ್ಟುವುದು, ದೇವಸ್ಮರಣೆ ಮತ್ತು ನಮಾಝ್ ತಪ್ಪುವುದು ಅಲ್ಲಿ ಹೇಳಿದ ಕಾರಣಗಳು. ‘ಬಾ, ಜೂಜಾಡೋಣ’ ಎಂದು ಕರೆದವನು ದಾನ ಕೊಡಲಿ ಎಂಬರ್ಥದ ಹದೀಸ್ ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಇಲ್ಲಿ ದಾನ ಜೂಜಿನ ಉದ್ದೇಶವಲ್ಲ, ಆಡಲು ಕರೆದದ್ದಕ್ಕೇ ಪ್ರಾಯಶ್ಚಿತ್ತ. 1960ರ ಸುಮಾರಿಗೆ ವಿದ್ವಾಂಸ ಯೂಸುಫ್ ಅಲ್ ಕರ್ಝಾವಿ ಹಲಾಲ್–ಹರಾಮ್ ಕುರಿತು ಬರೆದ ಪುಸ್ತಕದಲ್ಲಿ, ಪರೋಪಕಾರದ ಹೆಸರಿನ ಲಾಟರಿಯೂ ಸಲ್ಲದೆಂದು ಹೇಳಿದ್ದು ಈ ಜಾಡಿನಲ್ಲೇ.

ಹಾಗೆಂದು ಚೀಟಿ ಎತ್ತುವುದೇ ತಪ್ಪಲ್ಲ. ಪ್ರಯಾಣಕ್ಕೆ ಜೊತೆಗೆ ಬರುವ ಪತ್ನಿ ಯಾರೆಂದು ಪ್ರವಾದಿಯವರು ಚೀಟಿ ಹಾಕಿ ನಿರ್ಧರಿಸುತ್ತಿದ್ದರು. ಅರ್ಜಿಗಳು ಕೋಟಾ ಮೀರಿದಾಗ ಭಾರತೀಯ ಹಜ್ ಸಮಿತಿ ಯಾತ್ರಿಕರನ್ನು ಆರಿಸುವುದೂ ‘ಕುರ್ರಾ’ದ, ಅಂದರೆ ಚೀಟಿ ಎತ್ತುವುದರ, ಮೂಲಕವೇ. ಹೆಸರು ಬಾರದವನ ಹಣ ಹೆಸರು ಬಂದವನಿಗೆ ಹೋಗುವುದಿಲ್ಲ. ಸಮಾನ ಹಕ್ಕುದಾರರ ನಡುವೆ ಸರದಿ ತೀರ್ಮಾನವಾಗುತ್ತದೆ ಅಷ್ಟೆ.

ಆದ್ದರಿಂದ ನೋಡಬೇಕಾದದ್ದು ಬಹುಮಾನದ ಹಣದ ಮೂಲವನ್ನು. ಐವತ್ತು ರೂಪಾಯಿಯ ನೂರು ಕೂಪನ್ ಒಬ್ಬರಿಗೊಂದರಂತೆ ಮಾರಿದರೆಂದು ಇಟ್ಟುಕೊಳ್ಳೋಣ. ಕೂಡಿದ್ದು 5,000, ಅದರಲ್ಲಿ 3,000ಕ್ಕೆ ಮಿಕ್ಸರ್ ತಂದು ಉಳಿದ 2,000 ಮದರಸಾಕ್ಕೆ ಕೊಟ್ಟರು. ಆ ಮಿಕ್ಸರ್‌ನ ಬೆಲೆಯ ಹೆಚ್ಚುಪಾಲು 99 ಜನರು ಸೋತ ಹಣ, ಅದು ಮೈಸಿರ್. ಉಳಿದ 2,000 ರೂಪಾಯಿ ಒಳ್ಳೆಯ ಕೆಲಸಕ್ಕೆ ಹೋದರೂ ಈ ವ್ಯವಹಾರದ ಸ್ವರೂಪ ಬದಲಾಗುವುದಿಲ್ಲ. ಅದೇ ಮಿಕ್ಸರನ್ನು ದಾನಿಯೊಬ್ಬರು ಕೊಟ್ಟು, ಬಂದವರಿಗೆಲ್ಲ ನಂಬರನ್ನು ಉಚಿತವಾಗಿ ಹಂಚಿದರೆ ಅದು ಬರಿಯ ಉಡುಗೊರೆ. ದಾನಿ ಮಿಕ್ಸರ್ ಕೊಟ್ಟರೂ ಕೂಪನ್ ಮಾರಿದರೆ, ಕೊಂಡವನು ಹಣವನ್ನು ಪಣಕ್ಕಿಟ್ಟಂತೆಯೇ. ಉಚಿತ ನಂಬರು ಮತ್ತು ಮಾರಿದ ಕೂಪನ್, ಇವೆರಡರ ನಡುವೆ ಬರುವುದು ಊಟಕ್ಕೆ ಕೊಂಡ ಕೂಪನ್ನನ್ನೇ ಡ್ರಾಗೂ ಹಾಕುವ ಪದ್ಧತಿ. ಸರಕಿನ ಜೊತೆ ಬರುವ ಬಹುಮಾನದ ಬಗ್ಗೆ ಪಾಕಿಸ್ತಾನದ ಹನಫಿ ವಿದ್ವಾಂಸ ತಖೀ ಉಸ್ಮಾನಿ ಎರಡು ಷರತ್ತು ಹಾಕುತ್ತಾರೆ: ಡ್ರಾಗಾಗಿ ಬೆಲೆ ಏರಿಸಿರಬಾರದು, ಕೊಳ್ಳುವವನಿಗೆ ಆ ವಸ್ತುವೇ ಬೇಕಾಗಿರಬೇಕು. ಸೌದಿಯ ವಿದ್ವಾಂಸ ಇಬ್ನ್ ಬಾಝ್ ಇದನ್ನೂ ಒಪ್ಪಲಿಲ್ಲ. ನನಗೆ ಉಸ್ಮಾನಿಯವರ ಷರತ್ತುಗಳು ಸಾಕೆನಿಸುತ್ತವೆ, ಆದರೆ ಪ್ರಾಮಾಣಿಕವಾಗಿ ಪಾಲಿಸಿದರೆ ಮಾತ್ರ. ಬಹುಮಾನದ ಆಸೆಗೆ ಒಬ್ಬನೇ ಹತ್ತು ಊಟದ ಕೂಪನ್ ಕೊಂಡರೆ ಎರಡನೆಯ ಷರತ್ತು ಮುರಿದಂತೆ.

ದೌಂಡದ ಜಮಾಅತ್ ಇರಲಿ, ಕಲಬುರಗಿಯದಿರಲಿ, ಕಮಿಟಿಯವರಲ್ಲಿ ನನ್ನ ಕೋರಿಕೆ ಇಷ್ಟು: ದೇಣಿಗೆ ಪೆಟ್ಟಿಗೆಯನ್ನೂ ಚೀಟಿ ಡಬ್ಬಿಯನ್ನೂ ಬೇರೆಬೇರೆ ಮೇಜಿನ ಮೇಲಿಡಿ, ಒಂದರಲ್ಲಿ ಹಣ ಹಾಕದವನಿಗೂ ಇನ್ನೊಂದರಲ್ಲಿ ಹೆಸರಿರಲಿ.