ಸ್ಯಾಕ್ಸೋಫೋನಿನ ನಾಲಗೆ

ಯಳವತ್ತಿಯಲ್ಲಾಗಲಿ, ಗದಗ-ಬೆಟಗೇರಿಯಲ್ಲಾಗಲಿ ಬ್ಯಾಂಡಿನ ಮೆರವಣಿಗೆ ಬಂದಾಗ ನಿಮ್ಮ ಕಣ್ಣು ಮೊದಲು ಹೋಗುವುದು ಹೊಳೆಯುವ ಹಿತ್ತಾಳೆಯ ಕಡೆಗೆ. ಆದರೆ ಸ್ಯಾಕ್ಸೋಫೋನಿನ ದನಿ ಹುಟ್ಟುವುದು ಹಿತ್ತಾಳೆಯಿಂದಲ್ಲ. ಊದುವ ತುದಿಗೆ ಬಿಗಿದ ಬೆರಳುದ್ದದ ಹುಲ್ಲಿನ ಚೂರಿನಿಂದ. ಅದೇ ರೀಡು. ವಾದ್ಯವನ್ನು ಒಮ್ಮೆ ಕೊಂಡರೆ ಒಂದು ತಲೆಮಾರು ಬಾಳೀತು, ರೀಡು ಬಾಳುವುದು ಕೆಲವೇ ವಾರ. ದಿನವೂ ಸಾಧನೆ ಮಾಡುವವನ ಕಿಸೆಗೆ ಭಾರವಾಗುವುದು ಇದೇ. ಕೆಟ್ಟ ರೀಡು ಸಿಕ್ಕ ಹುಡುಗ ತನ್ನ ಉಸಿರೇ ಸಾಲದೆಂದು ಬಗೆದು ವಾದ್ಯವನ್ನು ಮೂಲೆಗಿಡುವುದೂ ಉಂಟು.

ನಮ್ಮವರಿಗೆ ರೀಡು ಹೊಸದಲ್ಲ. ಸನಾದಿ, ನಾಗಸ್ವರಗಳೂ ರೀಡಿನಿಂದಲೇ ನುಡಿಯುತ್ತವೆ; ಅವುಗಳದು ಜೋಡು, ಸ್ಯಾಕ್ಸೋಫೋನಿನದು ಒಂಟಿ. ನಾಗಸ್ವರವನ್ನು ಹತ್ತಿರದಿಂದ ನೋಡಿದ್ದೀರಾ? ಅದರ ಕೊರಳಿನಿಂದ ದಾರದಲ್ಲಿ ಕೆಲವು ಸೀವಾಳಿಗಳು ಜೋತಾಡುತ್ತವೆ, ಅವನ್ನು ತಿದ್ದುವ ಸೂಜಿಯೂ ಜೊತೆಗಿರುತ್ತದೆ. ಅಲಂಕಾರವೆಂದು ತಿಳಿಯಬೇಡಿ. ಒಂದೇ ರೀಡನ್ನು ನಂಬಿ ಕಚೇರಿಗೆ ಕೂಡಬಾರದೆಂಬುದನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು.

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ತನ್ನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ಅದಕ್ಕೆ ಬೇಕಾದ ಹುಲ್ಲು ಫ್ರಾನ್ಸಿನ ದಕ್ಷಿಣದ ವಾರ್ ಸೀಮೆಯಲ್ಲಿ ಸೊಂಪಾಗಿ ಬೆಳೆಯುತ್ತದೆ. ಬಿದಿರಿನಂತೆ ಗೆಣ್ಣು, ಒಳಗೆ ಟೊಳ್ಳು. ಎರಡು ವರ್ಷ ಬೆಳೆದ ಗಳವನ್ನು ಕಡಿದು, ಬಿಸಿಲಿಗೆ ಒಣಗಿಸಿ, ಹದಮಾಡಿ ಸೀಳುತ್ತಾರೆ. 1905ರಲ್ಲಿ ಪ್ಯಾರಿಸಿನ ಕ್ಲಾರಿನೆಟ್ ವಾದಕ ಯೂಜೀನ್ ವಾನ್ ಡೋರೆನ್ ರೀಡು ಮಾಡುವ ಕಸಬಿಗೆ ಕೈಹಚ್ಚಿದನು. ವಾಂಡೋರೆನ್ ಹೆಸರಿನ ರೀಡು ಅವನದೇ ಮನೆತನದ್ದು. 1928ರಲ್ಲಿ ಅಮೆರಿಕದಲ್ಲಿ ರಿಕೋ ಕಂಪನಿ ಹುಟ್ಟಿತು. ಯಂತ್ರ ಬಂದು ಅಳತೆ ಒಂದಾಯಿತು, ಆದರೆ ಹುಲ್ಲು ಒಂದಾಗಲಿಲ್ಲ. ತುದಿಯಲ್ಲಿ ರೀಡಿನ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಅಷ್ಟು ತೆಳುವಿನಲ್ಲಿ ಒಂದು ನಾರು ಹೆಚ್ಚುಕಡಿಮೆಯಾದರೂ ಸ್ವರ ಬದಲಾಗುತ್ತದೆ. ಒಂದೇ ಪೆಟ್ಟಿಗೆಯ ಹತ್ತು ರೀಡುಗಳು ಹತ್ತು ಬಗೆಯಾಗಿ ನುಡಿಯುವುದು ಇದರಿಂದಲೇ.

ಕನ್ನಡ ನಾಡಿನಲ್ಲಿ ಈ ವಾದ್ಯಕ್ಕೆ ಶಾಸ್ತ್ರೀಯ ಸಂಗೀತದ ಪಟ್ಟ ಕಟ್ಟಿದವರು ಕದ್ರಿ ಗೋಪಾಲನಾಥರು. ನಾಗಸ್ವರದ ಮನೆಯಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು, 2019ರಲ್ಲಿ ತೀರಿಕೊಂಡರು. ಗಮಕವನ್ನು ತುಟಿಯಿಂದ ಎಳೆದು ಜಾರಿಸುವ ಆ ಬಾನಿಗೆ ರೀಡು ಮಣಿಯಬೇಕು, ಸೋಲಬಾರದು.

ಹಾಗಾದರೆ ನಿಮ್ಮ ಮನೆಯ ಹುಡುಗನಿಗೆ ಎಂಥದು ತರಬೇಕು? ರೀಡಿನ ಮೇಲಿನ ಅಂಕಿ ಅದರ ಬಿಗಿಯನ್ನು ಹೇಳುತ್ತದೆ. ಹೊಸಬನಿಗೆ 2 ಅಥವಾ ಎರಡೂವರೆ ಸಾಕು. ಒಂದು ಕಂಪನಿಯ ಎರಡೂವರೆ ಇನ್ನೊಂದರ ಎರಡೂವರೆಗೆ ಸರಿಹೊಂದದು. ಆದ್ದರಿಂದ ಅಗ್ಗವೆಂದು ಪ್ರತಿಸಲವೂ ಕಂಪನಿ ಬದಲಿಸಿದರೆ ಬಾಯಿ ಎಂದಿಗೂ ಕೂಡದು. ಅಗ್ಗವನ್ನು ಪೆಟ್ಟಿಗೆಯ ಬೆಲೆಯಿಂದ ಅಳೆಯಬೇಡಿ. ಹತ್ತರಲ್ಲಿ ಎಷ್ಟು ನುಡಿದವು, ಎಷ್ಟು ದಿನ ಬಾಳಿದವು ಎಂದು ಲೆಕ್ಕ ಹಾಕಿ. ನನ್ನ ಮಟ್ಟಿಗೆ, ಸಾಧಾರಣ ಬೆಲೆಯ ಒಂದೇ ಕಂಪನಿಯದನ್ನು ಹಿಡಿದು ಮುಂದುವರಿಯುವುದೇ ಲೇಸು. ಹೊಸ ಪೆಟ್ಟಿಗೆ ಬಂದೊಡನೆ ಒಂದೊಂದನ್ನೂ ನೀರಿನಲ್ಲಿ ನೆನೆಸಿ, ಕೆಲವೇ ನಿಮಿಷ ಊದಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಲಿ. ಚೆನ್ನಾಗಿ ನುಡಿದ ನಾಲ್ಕನ್ನು ದಿನಕ್ಕೊಂದರಂತೆ ಸರದಿಯಲ್ಲಿ ಬಳಸಲಿ. ಬಿಗಿಯಾದುದನ್ನು ಎಸೆಯಬೇಕಾಗಿಲ್ಲ; ನುಣುಪು ಉಪ್ಪುಕಾಗದದ ಮೇಲೆ ಹಗುರವಾಗಿ ಉಜ್ಜಿದರೆ ಹಲವು ದಾರಿಗೆ ಬರುತ್ತವೆ.

ಗದಗಿನ ಬಯಲಿನ ಬೇಸಿಗೆ ಮಂಗಳೂರಿನ ಕರಾವಳಿಯಂತಲ್ಲ. ಒಣಗಾಳಿಗೆ ರೀಡಿನ ತುದಿ ಅಲೆಅಲೆಯಾಗುತ್ತದೆ. ಊದಿದ ಮೇಲೆ ಒರೆಸಿ, ಗಾಜಿನ ತುಂಡಿನ ಮೇಲೆ ಮಟ್ಟಸವಾಗಿಟ್ಟು, ಮುಚ್ಚಿದ ಡಬ್ಬಿಯಲ್ಲಿಡಿ. ಇದೂ ತೊಂದರೆಯೆನಿಸಿದರೆ, 1998ರಲ್ಲಿ ಕೆನಡಾದಲ್ಲಿ ಆರಂಭವಾದ ಲೆಜೇರ್ ಕಂಪನಿಯ ಪ್ಲಾಸ್ಟಿಕ್ ಜಾತಿಯ ರೀಡುಗಳಿವೆ. ನೆನೆಸುವ ಗೋಜಿಲ್ಲ, ಹವೆಗೆ ಬಗ್ಗುವುದಿಲ್ಲ. ಒಂದರ ಬೆಲೆಯೇ ಹುಲ್ಲಿನ ರೀಡಿನ ಒಂದು ಪೆಟ್ಟಿಗೆಯ ಬೆಲೆಗೆ ಸಮೀಪ, ಆದರೆ ತಿಂಗಳುಗಟ್ಟಲೆ ಬಾಳುತ್ತದೆ. ಮೊದಲು ಹುಲ್ಲಿನದರಲ್ಲಿ ತನಗೆ ಹೊಂದುವ ಬಿಗಿ ಯಾವುದೆಂದು ಕಂಡುಕೊಂಡವನು ಮಾತ್ರ ಅದಕ್ಕೆ ಹಣ ಹಾಕಲಿ.