ಕಾರವಾರದ ಗಾಳಿಮರ ಬರುವ ಮೊದಲು ಕಡಲತೀರದಲ್ಲಿ ಏನಿತ್ತು?

ಕಾರವಾರದ ಕಡಲತೀರ ಎಂದ ಕೂಡಲೇ ನಮಗೆ ನೆನಪಾಗುವುದು ಗಾಳಿಮರ. ಕೆಲವು ಕಡೆ ಇದನ್ನು ಸರ್ವೆ ಮರ ಎನ್ನುತ್ತಾರೆ. ಅಜ್ಜ ಅಜ್ಜಿಯರ ಕಾಲದಿಂದ ನೋಡುತ್ತಾ ಬಂದಿರುವುದರಿಂದ ಇದು ಇಲ್ಲಿಯದೇ ಮರ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆದರೆ ಇದು ಬೇರೆ ಕಡೆಯಿಂದ ತಂದು ನೆಟ್ಟ ಮರ. ಕಾರವಾರದಲ್ಲಿ ಇದರ ಮೊದಲ ನೆಡುತೋಪು ಎದ್ದದ್ದು 1868ರಲ್ಲಿ.

ಅದಕ್ಕೂ ಆರು ವರ್ಷ ಮೊದಲು, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೆ ಏರಿಸಲು ಬ್ರಿಟಿಷರಿಗೆ ಒಳ್ಳೆಯ ಬಂದರು ಬೇಕಿತ್ತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಊರು ಬೆಳೆದರೆ ಒಲೆಗಳೂ ಹೆಚ್ಚುತ್ತವೆ, ಒಲೆಗೆ ಸೌದೆ ಬೇಕು. ಬರೀ ಮರಳಿನಲ್ಲಿ, ಉಪ್ಪುಗಾಳಿಯಲ್ಲಿ ಬೇಗ ಬೆಳೆಯುವ, ಚೆನ್ನಾಗಿ ಉರಿಯುವ ಮರ ಯಾವುದು ಎಂದು ಹುಡುಕಿದಾಗ ಸಿಕ್ಕಿದ್ದು ಗಾಳಿಮರ. ಆಗ್ನೇಯ ಏಷ್ಯಾ, ಉತ್ತರ ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ದ್ವೀಪಗಳ ಕಡಲತೀರ ಇದರ ತವರು. ಹೀಗೆ ಇಂದು ನಾವು ಫೋಟೊ ತೆಗೆಸಿಕೊಳ್ಳುವ ಮರ ಇಲ್ಲಿಗೆ ಬಂದದ್ದು ಉರುವಲಾಗಿ.

1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಟ್ಯಾಗೋರ್ ಇಲ್ಲಿಗೆ ಬಂದರು. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದರು. ಮುಂದೆ ಬರೆದ ಆತ್ಮಕಥನದಲ್ಲಿ ಟ್ಯಾಗೋರ್ ಈ ತೀರದ ಗಾಳಿಮರಗಳ ಕಾಡನ್ನು ನೆನೆದಿದ್ದಾರೆ. ಅಂದರೆ ನೆಟ್ಟು ಎರಡು ದಶಕ ಕಳೆಯುವುದರೊಳಗೆ ಹೊಸಬರ ಕಣ್ಣಿಗೆ ಅದು ಕಾಡೇ ಆಗಿತ್ತು! ಈಗ ಆ ತೀರಕ್ಕೆ ಅವರದೇ ಹೆಸರಿದೆ.

ಹೊರಗಿನಿಂದ ಬಂದದ್ದು ಗಾಳಿಮರ ಒಂದೇ ಅಲ್ಲ. ಗೇರು ಬ್ರೆಜಿಲ್‌ನದು, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು. ಉದ್ಯಾನಗಳಲ್ಲಿ ಕೆಂಪಗೆ ಹೂಬಿಡುವ ಗುಲ್‌ಮೊಹರ್ ಮಡಗಾಸ್ಕರ್‌ನದು. ದೇವಸ್ಥಾನದ ಅಂಗಳದ ದೇವಗಣಗಿಲೆ ಕೂಡ ಅಮೆರಿಕ ಖಂಡದ್ದು.

ಹಾಗಾದರೆ ಮೊದಲಿನಿಂದ ಇಲ್ಲೇ ಇದ್ದವರು ಯಾರು? ಮುಖ್ಯವಾಗಿ ಸುರಹೊನ್ನೆ. ಇದು ಬಾಗಿಲು, ಕಿಟಕಿಗೆ ಬಳಸುವ ಕಾಡಿನ ಹೊನ್ನೆಯಲ್ಲ. ದಪ್ಪ ಹೊಳೆಯುವ ಎಲೆ, ಬಿಳಿ ಹೂ, ಗೋಲಿಯಂಥ ಕಾಯಿ ಇರುವ ಕಡಲಂಚಿನ ಮರ. ಕಾಯಿ ನೀರಿನಲ್ಲಿ ತೇಲಿ ಹೋಗಿ ಬೇರೆ ದಡದಲ್ಲಿ ಮೊಳೆಯುತ್ತದೆ. ಸೀಮೆಎಣ್ಣೆ ಬರುವ ಮೊದಲು ಕರಾವಳಿಯ ಮನೆಗಳ ದೀಪ ಉರಿದದ್ದು ಇದರ ಎಣ್ಣೆಯಿಂದ. ದೋಣಿ ಕಟ್ಟಲೂ ಇದರ ಮರ ಬಳಕೆಯಾಗುತ್ತಿತ್ತು. ಇದರ ಜೊತೆಗೆ ಹೊಂಗೆ, ಹಳದಿ ಹೂವಿನ ಹೂವರಸಿ, ಹೆಂಗಸರು ಜಡೆಗೆ ಮುಡಿಯುತ್ತಿದ್ದ ಕೇದಗೆ ಇದ್ದವು. ಇವೆಲ್ಲದರ ಮುಂದೆ, ಅಲೆಗೆ ಹತ್ತಿರದಲ್ಲಿ, ಮರಳಿನ ಮೇಲೆ ಹರಡುವ ನೇರಳೆ ಹೂವಿನ ಅಡುಂಬು ಬಳ್ಳಿ. ಗಾಳಿ ತಂದ ಮರಳನ್ನು ಹಿಡಿದು ದಿಬ್ಬ ಕಟ್ಟುವುದು ಈ ಬಳ್ಳಿಯ ಕೆಲಸ.

ಗಾಳಿಮರವನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಅದು ಗಾಳಿ ತಡೆದಿದೆ, ನೆರಳು ಕೊಟ್ಟಿದೆ, ಬಡವರ ಒಲೆ ಉರಿಸಿದೆ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದಲೇ ಅದು ಬರಡು ಮರಳಿನಲ್ಲೂ ಬದುಕುತ್ತದೆ. ತೊಂದರೆ ಇರುವುದು ಅದೊಂದನ್ನೇ ಒತ್ತೊತ್ತಾಗಿ ನೆಟ್ಟಾಗ. ಉದುರಿದ ಕಡ್ಡಿ ದಪ್ಪಗೆ ಹಾಸಿಕೊಂಡು ಕೆಳಗೆ ಬೇರೆ ಗಿಡ ಏಳುವುದು ಕಷ್ಟವಾಗುತ್ತದೆ. ಅಲೆಯ ಅಂಚಿನವರೆಗೂ ನೆಟ್ಟರೆ ಬಳ್ಳಿಗೆ ಜಾಗವಿಲ್ಲ, ಮೊಟ್ಟೆ ಇಡಲು ಬರುವ ಕಡಲಾಮೆಗೂ ಜಾಗವಿಲ್ಲ.

ಇನ್ನೊಂದು ಮಾತು. ಗಾಳಿಮರದ ಆಯಸ್ಸು ಸುಮಾರು ನಲವತ್ತರಿಂದ ಐವತ್ತು ವರ್ಷ. 1868ರ ಮರಗಳು ಎಂದೋ ಹೋಗಿವೆ. ಈಗಿರುವುದು ಮತ್ತೆ ಮತ್ತೆ ನೆಟ್ಟದ್ದು. ಹಾಗಾಗಿ ತೀರದಲ್ಲಿ ಯಾವ ಮರ ಇರಬೇಕು ಎಂಬುದನ್ನು ಪ್ರತಿ ತಲೆಮಾರೂ ಹೊಸದಾಗಿ ತೀರ್ಮಾನಿಸುತ್ತಿದೆ. ಈ ಸಲದ ತೀರ್ಮಾನ ನಮ್ಮದು. ನಿಮ್ಮೂರಿನ ಕಡಲತೀರಕ್ಕೆ ಮಳೆಗಾಲದಲ್ಲಿ ಸಸಿ ಬಂದಾಗ ಯಾವ ಸಸಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಮುಂದೆ ಬಳ್ಳಿಗೆ ಜಾಗ ಬಿಡಿ, ಹಿಂದೆ ಸುರಹೊನ್ನೆ, ಹೊಂಗೆ ನೆಡಿ, ಅದರ ಹಿಂದೆ ಗಾಳಿಮರವೂ ಇರಲಿ. ಸುರಹೊನ್ನೆ ನಿಧಾನವಾಗಿ ಬೆಳೆಯುವ ಮರ. ಅದರ ನೆರಳಿನಲ್ಲಿ ಕೂರುವವರು ನಮ್ಮ ಮಕ್ಕಳು.